ಪಟ್ಟಿಯಲ್ಲಿರುವ ಹುಡುಗ ಯಾವ ಊರಿನವ? ವಿಶ್ವ ವಾಲಿಬಾಲ್ ತಂಡಗಳನ್ನು ನೋಡುತ್ತಾ...

ನಮ್ಮ ಕಡೆಯ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳಲ್ಲಿ ಜಗಳ ಆಗುವುದು ಚೆಂಡು ಗೆರೆಯ ಒಳಗೆ ಬಿತ್ತಾ ಹೊರಗೆ ಬಿತ್ತಾ ಎಂಬುದಕ್ಕೆ ಮಾತ್ರ ಅಲ್ಲ. ದೊಡ್ಡ ಜಗಳ ಆಗುವುದು "ಅವ ಯಾವ ಊರಿನವ?" ಎಂಬ ಪ್ರಶ್ನೆಗೆ. ಗ್ರಾಮದ ಆಟಗಾರರಿಗೆ ಮಾತ್ರ ಅವಕಾಶ, ಆಧಾರ್ ಕಾರ್ಡ್ ತರಬೇಕು ಎಂದು ಕರಪತ್ರದಲ್ಲಿ ಬರೆದಿರುತ್ತಾರೆ. ಆದರೂ ಸೆಮಿಫೈನಲ್ ಹೊತ್ತಿಗೆ ಯಾವುದೋ ಒಂದು ತಂಡದಲ್ಲಿ ಯಾರೂ ಕಂಡಿರದ ಒಬ್ಬ ಎತ್ತರದ ಹುಡುಗ ನೆಟ್ ಹತ್ತಿರ ನಿಂತಿರ್ತಾನೆ. ಕೇಳಿದರೆ "ಅವ ನಮ್ಮ ಮಾಮನ ಮಗ, ರಜೆಗೆ ಬಂದದ್ದು" ಅಂತಾರೆ. ಮತ್ತೆ ಮೈಕ್ ಹಿಡಿದವರು ಅರ್ಧ ಗಂಟೆ ಸಮಾಧಾನ ಮಾಡಬೇಕು.

ಕಳೆದ ಸೆಪ್ಟೆಂಬರ್‌ನಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಪುರುಷರ ವಿಶ್ವ ವಾಲಿಬಾಲ್ ಚಾಂಪಿಯನ್‌ಶಿಪ್ ನಡೆಯಿತು. 2025ರ ಸೆಪ್ಟೆಂಬರ್ 12ರಿಂದ 28ರವರೆಗೆ ಮನಿಲಾ ಮಹಾನಗರದ ಎರಡು ಒಳಾಂಗಣ ಕ್ರೀಡಾಂಗಣಗಳಲ್ಲಿ ಆಟ. ಮೊದಲ ಬಾರಿಗೆ 32 ದೇಶಗಳು ಆಡಿದವು. ಪ್ರತಿ ತಂಡಕ್ಕೆ 14 ಆಟಗಾರರ ಪಟ್ಟಿ. ಅಂದರೆ ಒಟ್ಟು 448 ಹೆಸರು. ಇಟಲಿ ಗೆದ್ದಿತು, ಅದು ಎಲ್ಲ ಕಡೆ ಸುದ್ದಿಯಾಗಿದೆ. ಆದರೆ ನನಗೆ ಗೆದ್ದವರು ಸೋತವರಿಗಿಂತ ಈ ಪಟ್ಟಿಗಳೇ ಹೆಚ್ಚು ಮಾತನಾಡಿದ ಹಾಗೆ ಕಂಡವು. ನಮ್ಮ ಮೈದಾನದ ಅದೇ ಪ್ರಶ್ನೆ ಅಲ್ಲಿಯೂ ಉಂಟು. ಈ ಹುಡುಗ ಎಲ್ಲಿ ಹುಟ್ಟಿದವ, ಯಾರು ಕಲಿಸಿದ್ದು, ಈಗ ಯಾರ ಅಂಗಿ ಹಾಕಿದ್ದಾನೆ?

ಹೆಸರು ಇದ್ದವರು ಮೊದಲೇ ಮನೆಗೆ

ಈ ಸಲ ಗುಂಪು ಹಂತದಲ್ಲೇ ದೊಡ್ಡ ದೊಡ್ಡವರು ಹೊರಬಿದ್ದರು. ಫ್ರಾನ್ಸ್ 2021ರ ಟೋಕಿಯೊ, 2024ರ ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡ. ಅದು ಫಿನ್ಲೆಂಡ್ ಮತ್ತು ಅರ್ಜೆಂಟೀನಾ ಎದುರು ಐದು ಸೆಟ್‌ಗಳ ಆಟದಲ್ಲಿ ಸೋತು ವಾಪಸಾಯಿತು. ಬ್ರೆಝಿಲ್ ಮೂರು ಬಾರಿಯ ವಿಶ್ವ ಚಾಂಪಿಯನ್. ಅದು ಸರ್ಬಿಯಾ ಎದುರು ನೇರ ಸೆಟ್‌ಗಳಲ್ಲಿ ಸೋತು ಮುಂದಿನ ಹಂತ ಕಾಣಲೇ ಇಲ್ಲ. ಏಶ್ಯದ ದೊಡ್ಡ ಶಕ್ತಿ ಜಪಾನ್, ಟರ್ಕಿ ಮತ್ತು ಕೆನಡಾ ಇಬ್ಬರಿಗೂ 0-3ರಿಂದ ಶರಣಾಯಿತು.

ಇವರ ಜಾಗದಲ್ಲಿ ಕೊನೆಯ ನಾಲ್ಕಕ್ಕೆ ಬಂದವರು ಯಾರು? ಇಟಲಿ ಮತ್ತು ಪೋಲೆಂಡ್ ನಿರೀಕ್ಷೆ ಇದ್ದವರೇ. ಉಳಿದಿಬ್ಬರು ಝೆಕ್ ಮತ್ತು ಬಲ್ಗೇರಿಯ. ಅದರಲ್ಲೂ ಬಲ್ಗೇರಿಯದ ಪಟ್ಟಿ ನೋಡಿ. ಕೋರ್ಟ್‌ನಲ್ಲಿ ಚೆಂಡು ಎತ್ತಿ ಕೊಡುವವನನ್ನು ಅವರು ಸೆಟ್ಟರ್ ಅಂತಾರೆ, ನಮ್ಮ ಮೈದಾನದಲ್ಲಿ ಲಿಫ್ಟರ್. ತಂಡದ ಮೆದುಳೇ ಅವನು. ಅನುಭವ ಇಲ್ಲದವನನ್ನು ಆ ಜಾಗದಲ್ಲಿ ನಿಲ್ಲಿಸಲು ಊರಿನ ತಂಡವೂ ಹೆದರುತ್ತದೆ. ಬಲ್ಗೇರಿಯ ನಿಲ್ಲಿಸಿದ್ದು 18 ವರ್ಷದ ಸಿಮೆಯೊನ್ ನಿಕೊಲೋವ್‌ನನ್ನು. ಅವನು ಎತ್ತಿದ ಚೆಂಡನ್ನು ಹೊಡೆಯುವುದರಲ್ಲಿ ಮುಂದೆ ನಿಂತವನು ಅವನ ಅಣ್ಣ, 21 ವರ್ಷದ ಅಲೆಕ್ಸಾಂಡರ್. ಇವರ ತಂದೆ ವ್ಲಾದಿಮಿರ್ ನಿಕೊಲೋವ್ 2006ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ ಬಲ್ಗೇರಿಯ ತಂಡದಲ್ಲಿದ್ದವರು. ಅದಾದ ಮೇಲೆ ಈ ಕೂಟದಲ್ಲಿ ಆ ದೇಶಕ್ಕೆ ಪದಕ ಬಂದದ್ದು ಈಗಲೇ, ಅದೂ ಮಕ್ಕಳ ಕೈಯಿಂದ.

ಇದನ್ನು ಓದಿ "ಅಪ್ಪ ಆಟಗಾರ, ಮಕ್ಕಳೂ ಬಂದರು, ಇದರಲ್ಲೇನು" ಅಂತ ಕೇಳಬಹುದು. ಅಪ್ಪನ ಹೆಸರಿನಿಂದ ಪಟ್ಟಿಗೆ ಬರಬಹುದು, ಆದರೆ ಎರಡು ಸೆಟ್ ಹಿಂದೆ ಬಿದ್ದ ಮೇಲೆ ಅಮೆರಿಕವನ್ನು ಕ್ವಾರ್ಟರ್ ಫೈನಲ್‌ನಲ್ಲಿ 3-2ರಿಂದ ಸೋಲಿಸಲು ಅಪ್ಪನ ಹೆಸರು ಸಾಲದು. ಅಣ್ಣ ತಮ್ಮ ಇಬ್ಬರೂ ಅಮೆರಿಕದ ಒಂದೇ ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡಿ ಪಳಗಿದವರು. ದೇಶ ಅವರನ್ನು ಹೊರಗೆ ಕಲಿಯಲು ಬಿಟ್ಟಿತು, ಕರೆದಾಗ ಅವರು ಬಂದರು. ಫೈನಲ್‌ನಲ್ಲಿ ಇಟಲಿಗೆ 1-3ರಿಂದ ಸೋತರೂ ಆ ತಂಡದ ವಯಸ್ಸು ನೋಡಿದರೆ ಅವರ ಕಾಲ ಇನ್ನು ಶುರುವಾಗುವುದಷ್ಟೇ.

ಓಡಿಸಿದವರು ಕಳಕೊಂಡರು

ಇನ್ನು ಪೋಲೆಂಡ್. ಅವರ ಪಟ್ಟಿಯಲ್ಲಿ ವಿಲ್ಫ್ರೆಡೊ ಲಿಯೊನ್ ಎಂಬ ಹೆಸರುಂಟು. ಹುಟ್ಟಿದ್ದು ಕ್ಯೂಬಾದಲ್ಲಿ. 2010ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕ್ಯೂಬಾ ಬೆಳ್ಳಿ ಗೆದ್ದಾಗ ಲಿಯೊನ್‌ಗೆ ಬರೀ 17 ವರ್ಷ. ಅದೇ ತಂಡದಲ್ಲಿ ಯೋಂಡಿ ಲಿಯಾಲ್ ಎಂಬ ಇನ್ನೊಬ್ಬನೂ ಇದ್ದ. ಆ ಕಾಲದಲ್ಲಿ ಹೊರದೇಶದ ಕ್ಲಬ್‌ಗೆ ದುಡಿಯಲು ಹೋದವನಿಗೆ ಕ್ಯೂಬಾದ ತಂಡದ ಬಾಗಿಲು ಮುಚ್ಚಿದ ಹಾಗೆಯೇ. ಇಬ್ಬರೂ ದೇಶ ಬಿಟ್ಟರು. ಲಿಯಾಲ್ ಬ್ರೆಝಿಲ್‌ನವನಾದ, 2022ರಲ್ಲಿ ಬ್ರೆಝಿಲ್ ಪರ ವಿಶ್ವ ಕಂಚು ಗೆದ್ದ. ಲಿಯೊನ್‌ಗೆ 2015ರಲ್ಲಿ ಪೋಲೆಂಡ್‌ನ ಪೌರತ್ವ ಸಿಕ್ಕಿತು, ಅಲ್ಲಿನ ಹುಡುಗಿಯನ್ನೇ ಮದುವೆಯಾದ. ಆದರೂ ಪೌರತ್ವ ಸಿಕ್ಕಿದ ಮರುದಿನವೇ ತಂಡಕ್ಕೆ ಬರಲಿಕ್ಕೆ ಆಗಲಿಲ್ಲ. ಅಂತರ್‌ರಾಷ್ಟ್ರೀಯ ಒಕ್ಕೂಟದ ನಿಯಮದಂತೆ ಕಾದು, ಪೋಲೆಂಡ್ ಪರ ಮೊದಲ ಆಟ ಆಡಿದ್ದು 2019ರಲ್ಲಿ. ಪ್ಯಾರಿಸ್ ಒಲಿಂಪಿಕ್ಸ್‌ನ ಬೆಳ್ಳಿ, ಈ ಸಲ ಮನಿಲಾದ ಕಂಚು ಎರಡರಲ್ಲೂ ಅವನ ಪಾಲು ದೊಡ್ಡದು.

ಕ್ಯೂಬಾದ ದೃಷ್ಟಿಯಿಂದ ಯೋಚಿಸಿ. ಸಣ್ಣ ದ್ವೀಪ, ಬಡ ದೇಶ, ಆದರೂ 17ರ ಹುಡುಗನನ್ನು ವಿಶ್ವ ಫೈನಲ್‌ಗೆ ತಯಾರು ಮಾಡಿತ್ತು. ಆ ತಂಡ ಒಟ್ಟಿಗೆ ಉಳಿದಿದ್ದರೆ ಮುಂದಿನ ಹತ್ತು ವರ್ಷ ಅದನ್ನು ಹಿಡಿಯುವವರು ಯಾರಿದ್ದರು? ದುಡಿಮೆಗೆ ಹೊರಗೆ ಹೋದ ಮಗನನ್ನು ಮನೆಯಿಂದಲೇ ಹೊರಗೆ ಹಾಕಿದರು. ನಂತರ ಕ್ಯೂಬಾಕ್ಕೂ ಬುದ್ಧಿ ಬಂತು, ಹೊರಗೆ ಆಡುವವರನ್ನು ಮತ್ತೆ ಕರೆಯಲು ಶುರು ಮಾಡಿತು. ಅಷ್ಟರಲ್ಲಿ ಹೋದವರು ಬೇರೆ ಧ್ವಜದ ಕೆಳಗೆ ನಿಂತಾಗಿತ್ತು.

ಖತರ್‌ನ ದಾರಿ, ನಮ್ಮವರ ಇಕಾಮ

ಈ ಭಾಗ ಬರೆಯುವಾಗ ನಮ್ಮ ಓದುಗರ ಮನೆಗಳು ನೆನಪಾಗುತ್ತವೆ. ಖತರ್ 2023ರ ಏಶ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಮೂರನೇ ಸ್ಥಾನ ಪಡೆದು ಮನಿಲಾಕ್ಕೆ ಬಂದಿತ್ತು, ಆದರೆ ಗುಂಪು ಹಂತ ದಾಟಲಿಲ್ಲ. ಹೊರದೇಶದಲ್ಲಿ ಹುಟ್ಟಿದವರು ಖತರ್‌ನ ಅಂಗಿ ಹಾಕುವುದು ಹೊಸತೇನೂ ಅಲ್ಲ. 2015ರಲ್ಲಿ ದೋಹಾದಲ್ಲೇ ನಡೆದ ವಿಶ್ವ ಹ್ಯಾಂಡ್‌ಬಾಲ್‌ನಲ್ಲಿ ಖತರ್ ಫೈನಲ್ ತಲುಪಿದಾಗ ತಂಡದ ಹೆಚ್ಚಿನವರು ಬೇರೆ ಬೇರೆ ದೇಶಗಳಿಂದ ಬಂದವರು. ಟೋಕಿಯೊ ಒಲಿಂಪಿಕ್ಸ್‌ನ ಬೀಚ್ ವಾಲಿಬಾಲ್‌ನಲ್ಲಿ ಖತರ್‌ಗೆ ಕಂಚು ತಂದ ಶರೀಫ್ ಯೂನುಸ್ ಹುಟ್ಟಿದ್ದು ಸೆನೆಗಲ್‌ನಲ್ಲಿ, ಜೊತೆಗಾರ ಅಹ್ಮದ್ ತೀಜಾನ್ ಗ್ಯಾಂಬಿಯಾದಲ್ಲಿ.

ನಮ್ಮಲ್ಲಿ ಎಷ್ಟೋ ಮನೆಗಳ ಯಜಮಾನರು ದೋಹಾದಲ್ಲಿ, ದಮಾಮ್‌ನಲ್ಲಿ, ದುಬೈಯಲ್ಲಿ ಮೂವತ್ತು ವರ್ಷ ದುಡಿದು ತಲೆ ಬೆಳ್ಳಗಾಗಿ ವಾಪಸ್ ಬಂದವರು. ಇಕಾಮ ಮುಗಿಯಿತು, ಏರ್‌ಪೋರ್ಟ್‌ನಲ್ಲಿ ರಬ್ಬರ್ ಸ್ಟ್ಯಾಂಪ್ ಬಿತ್ತು, ಅಲ್ಲಿಗೆ ಸಂಬಂಧ ಮುಗಿಯಿತು. ಖತರ್‌ನ 2005ರ ಕಾನೂನಿನ ಪ್ರಕಾರ ಹೊರಗಿನವನು ಪೌರತ್ವ ಕೇಳಲು ಸತತ 25 ವರ್ಷ ಅಲ್ಲಿ ನೆಲೆಸಿರಬೇಕು, ಅರಬಿ ಬರಬೇಕು. ಅದಾದರೂ ವರ್ಷಕ್ಕೆ 50 ಮಂದಿಗೆ ಮೀರಿ ಕೊಡುವಂತಿಲ್ಲ. ಆದರೆ ಚೆಂಡು ಹೊಡೆಯುವ ಕೈಗೆ ದಾರಿ ಬೇಗ ತೆರೆಯುತ್ತದೆ. ಇದನ್ನು ಕಂಡು ನಮ್ಮವರಿಗೆ ಬೇಸರ ಆಗುವುದು ಸಹಜ. "ಕ್ರೀಡಾಂಗಣ ಕಟ್ಟಿದವರಿಗೆ ಇಲ್ಲದ್ದು ಆಡಿದವನಿಗೆ ಸಿಕ್ಕಿತಲ್ಲಾ" ಎಂದು ಊರಿಗೆ ಬಂದ ಒಬ್ಬ ಹಿರಿಯರು ನನ್ನ ಹತ್ತಿರ ಹೇಳಿದ್ದುಂಟು. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಅನ್ನ ಕೊಟ್ಟ ನಾಡು ಎಂಬ ಗೌರವ ಇತ್ತು, ಜೊತೆಗೆ ಒಂದು ನೋವೂ ಇತ್ತು.

ಖತರ್‌ಗೆ ಅನ್ಯಾಯ ಮಾಡಬಾರದು, ಇನ್ನೊಂದು ಮಾತೂ ಹೇಳಬೇಕು. ಅವರು ಬರೀ ಪಾಸ್‌ಪೋರ್ಟ್ ಕೊಟ್ಟು ಕೂತವರಲ್ಲ. ದೋಹಾದಲ್ಲಿ 2004ರಲ್ಲಿ ಆಸ್ಪಯರ್ ಅಕಾಡಮಿ ಶುರು ಮಾಡಿ ಸಣ್ಣ ಹುಡುಗರನ್ನು ತಯಾರು ಮಾಡಿದರು. ಆ ಅಕಾಡಮಿಯಲ್ಲಿ ಬೆಳೆದ ಹುಡುಗರನ್ನು ಇಟ್ಟುಕೊಂಡೇ ಫುಟ್‌ಬಾಲ್‌ನಲ್ಲಿ ಸತತ ಎರಡು ಬಾರಿ ಏಶ್ಯಾ ಕಪ್ ಗೆದ್ದರು. ಎರಡೂ ದಾರಿ ಅವರೇ ನಡೆದು ನೋಡಿದ್ದಾರೆ. ಸಿದ್ಧ ಆಟಗಾರ ಒಂದು ಪದಕ ತರಬಹುದು. ಆದರೆ ಅವನ ಕಾಲು ಸೋತ ಮೇಲೆ ಇನ್ನೊಬ್ಬನನ್ನು ಹುಡುಕಬೇಕು. ಬೆಳೆಸಿದ ಹುಡುಗನ ಹಿಂದೆ ಇನ್ನೂ ಹತ್ತು ಹುಡುಗರು ಸಾಲಾಗಿ ಬರುತ್ತಾರೆ.

ಇರಾನ್ ತಂದದ್ದು ಗುರುವನ್ನು

ಇರಾನ್‌ನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 2011ರಲ್ಲಿ ಅವರು ಹೂಲಿಯೊ ವೆಲಾಸ್ಕೊ ಎಂಬ ಕೋಚ್‌ನನ್ನು ಕರೆಸಿದರು. ಅರ್ಜೆಂಟೀನಾದಲ್ಲಿ ಹುಟ್ಟಿ, ಇಟಲಿಗೆ 1990 ಮತ್ತು 1994ರ ವಿಶ್ವ ಕಿರೀಟ ಗೆದ್ದು ಕೊಟ್ಟವರು. ಹೊರಗಿನಿಂದ ಬಂದದ್ದು ಗುರು, ಆಡಿದ್ದು ಊರಿನ ಹುಡುಗರು. 2011, 2013ರಲ್ಲಿ ಏಶ್ಯನ್ ಚಾಂಪಿಯನ್, 2014ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 6ನೇ ಸ್ಥಾನ. ವೆಲಾಸ್ಕೊ ಹೋದರು, ಆ ಕಾಲದ ದೊಡ್ಡ ಆಟಗಾರರು ಒಬ್ಬೊಬ್ಬರಾಗಿ ನಿವೃತ್ತರಾದರು. ಆದರೆ ಸಾಲು ಕಡಿಯಲಿಲ್ಲ. 21ರ ಕೆಳಗಿನವರ ವಿಶ್ವ ಚಾಂಪಿಯನ್‌ಶಿಪ್ ಅನ್ನು ಇರಾನ್ 2019, 2023, 2025ರಲ್ಲಿ ಮೂರು ಬಾರಿ ಗೆದ್ದಿದೆ. ಆ ಮೂರು ಫೈನಲ್‌ಗಳಲ್ಲೂ ಎದುರಿಗಿದ್ದದ್ದು ಇಟಲಿ! ಮನಿಲಾದಲ್ಲಿ ಹೊಸ ತಂಡ ಇಟ್ಟುಕೊಂಡು, ಸರ್ಬಿಯಾವನ್ನು 3-2ರಿಂದ ಸೋಲಿಸಿ ಇರಾನ್ ಕ್ವಾರ್ಟರ್ ಫೈನಲ್‌ಗೆ ಹೋಯಿತು.

ಮನಿಲಾದಲ್ಲಿ ಇರಾನ್‌ನ ಕೋಚ್ ಆಗಿದ್ದವರೂ ಇಟಲಿಯವರು. ಬಲ್ಗೇರಿಯದ ಕೋಚ್ ಇಟಲಿಯವರು, ಫ್ರಾನ್ಸ್‌ನ ಕೋಚ್ ಇಟಲಿಯವರು, ಆತಿಥೇಯ ಫಿಲಿಪ್ಪೀನ್ಸ್‌ನ ಕೋಚ್ ಕೂಡ ಇಟಲಿಯವರು. ಇಟಲಿಯ ಸ್ವಂತ ಕೋಚ್ ಫೆರ್ಡಿನಾಂಡೊ ಡಿ ಜಾರ್ಜಿ ಅವರದ್ದು ಇನ್ನೊಂದು ಅದ್ಭುತ. ಇಟಲಿ ಈವರೆಗೆ ಐದು ಬಾರಿ ವಿಶ್ವ ಚಾಂಪಿಯನ್ ಆಗಿದೆ. 1990, 94, 98ರಲ್ಲಿ ಅವರು ಆಟಗಾರನಾಗಿ ತಂಡದಲ್ಲಿದ್ದರು, 2022 ಮತ್ತು 2025ರಲ್ಲಿ ಕೋಚ್ ಆಗಿ. ಕಲಿತವನು ನಿಂತು ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಫಿಲಿಪ್ಪೀನ್ಸ್ ಬಗ್ಗೆ ಎರಡು ಮಾತು. ಗಲ್ಫ್‌ನಲ್ಲಿ ಇದ್ದು ಬಂದವರಿಗೆ ಫಿಲಿಪ್ಪೀನಿಗಳನ್ನು ಪರಿಚಯಿಸಬೇಕಾಗಿಲ್ಲ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಆಫೀಸ್‌ನಲ್ಲಿ ಪಕ್ಕದಲ್ಲೇ ದುಡಿದವರು. ನಮ್ಮ ಹಾಗೆಯೇ ಮನೆಗೆ ಹಣ ಕಳಿಸಿ ಬದುಕುವ ದೇಶ. ಅವರ ತಂಡದ ಮುಂಚೂಣಿಯ ಆಟಗಾರರಾದ ಬ್ರಯಾನ್ ಬಗುನಾಸ್, ಮಾರ್ಕ್ ಎಸ್ಪೆಹೊ ಕೂಡ ಜಪಾನ್‌ನ ಲೀಗ್‌ನಲ್ಲಿ ದುಡಿದು ಬಂದವರು. ಈ ತಂಡ ಆಫ್ರಿಕದ ಬಲಿಷ್ಠ ಈಜಿಪ್ಟ್ ಅನ್ನು 3-1ರಿಂದ ಸೋಲಿಸಿತು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದು ಅವರ ಮೊದಲ ಗೆಲುವು. ಮತ್ತೆ ಇರಾನ್ ಎದುರು ಐದನೇ ಸೆಟ್‌ವರೆಗೆ ಹೋರಾಡಿ ಸೋತಿತು. ಹೊರಗೆ ಹೋದ ಮಗ ಕಲಿತದ್ದನ್ನು ಹೊತ್ತು ಮನೆಗೆ ಬಂದರೆ ಸಣ್ಣ ತಂಡವೂ ಎಷ್ಟು ಎತ್ತರಕ್ಕೆ ಹಾರಬಹುದು ಎಂದು ಅವರು ತೋರಿಸಿದರು.

ನಮ್ಮ ಹೆಸರು ಎಲ್ಲಿ?

ಆ 448 ಹೆಸರುಗಳಲ್ಲಿ ಭಾರತದ ಒಂದೂ ಇಲ್ಲ. ಭಾರತ ಪುರುಷರ ವಿಶ್ವ ಚಾಂಪಿಯನ್‌ಶಿಪ್ ಆಡಿದ್ದು 1952ರಲ್ಲಿ ಮಾಸ್ಕೊದಲ್ಲಿ ಮತ್ತು 1956ರಲ್ಲಿ ಪ್ಯಾರಿಸ್‌ನಲ್ಲಿ. ಮಾಸ್ಕೊದಲ್ಲಿ 8ನೇ ಸ್ಥಾನ ಬಂದಿತ್ತು. ಆಮೇಲೆ ಸುಮಾರು ಎಪ್ಪತ್ತು ವರ್ಷದಿಂದ ಇಲ್ಲ. ಹಾಗಂತ ನಮ್ಮಲ್ಲಿ ಆಟ ಇಲ್ಲವಾ? 1962ರ ಜಕಾರ್ತ ಏಶ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ, 1986ರ ಸೋಲ್‌ನಲ್ಲಿ ಕಂಚು. ಸೋಲ್ ತಂಡದಲ್ಲಿದ್ದ ಜಿಮ್ಮಿ ಜಾರ್ಜ್ ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಪೇರಾವೂರಿನವರು. ಅಬುಧಾಬಿಯ ಕ್ಲಬ್‌ನಲ್ಲಿ ಆಡಿ, ಅಲ್ಲಿಂದ ಇಟಲಿಯ ಲೀಗ್‌ಗೆ ಹೋದವರು. 1987ರಲ್ಲಿ ಇಟಲಿಯಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು 32. ಅಂಥ ಇನ್ನೊಬ್ಬ ನಮಗೆ ಸಿಕ್ಕಿಲ್ಲ.

2023ರಲ್ಲಿ ಹಾಂಗ್‌ಝೌ ಏಶ್ಯನ್ ಗೇಮ್ಸ್‌ನಲ್ಲಿ ನಮ್ಮ ತಂಡ ದಕ್ಷಿಣ ಕೊರಿಯವನ್ನು 3-2ರಿಂದ ಸೋಲಿಸಿ 6ನೇ ಸ್ಥಾನ ಪಡೆಯಿತು. ನಮ್ಮ ರಾಜ್ಯದ ಅಶ್ವಲ್ ರೈ ಆ ತಂಡದಲ್ಲಿದ್ದರು. ಅದೇ ಕೊರಿಯ ಮನಿಲಾದ 32ರಲ್ಲಿತ್ತು, ನಾವು ಇರಲಿಲ್ಲ. ಒಂದು ದಿನ ಸೋಲಿಸುವ ಶಕ್ತಿ ಉಂಟು, ವರ್ಷವಿಡೀ ನಿಲ್ಲುವ ವ್ಯವಸ್ಥೆ ಇಲ್ಲ. ರಾಷ್ಟ್ರೀಯ ಫೆಡರೇಷನ್‌ನ ಒಳಜಗಳದಿಂದ 2016ರ ಕೊನೆಯಲ್ಲಿ ಅಂತರ್‌ರಾಷ್ಟ್ರೀಯ ಒಕ್ಕೂಟ ಅದನ್ನು ಅಮಾನತು ಮಾಡಿದ್ದೂ ಆಯಿತು. ದೊಡ್ಡವರು ಕುರ್ಚಿಗೆ ಜಗಳ ಮಾಡಿದಾಗ ಹುಡುಗರ ವಯಸ್ಸು ನಿಂತು ಕಾಯುವುದಿಲ್ಲ. 2022ರಿಂದ ಪ್ರೈಮ್ ವಾಲಿಬಾಲ್ ಲೀಗ್ ಬಂದಿದೆ, ಬೆಂಗಳೂರಿನದ್ದೂ ತಂಡ ಉಂಟು. ಇದು ಒಳ್ಳೆಯದೇ. ಆದರೆ ಲೀಗ್‌ಗೆ ಆಟಗಾರ ಬೇಕಲ್ಲ, ಅವನು ಎಲ್ಲಿಂದ ಬರಬೇಕು?

ಇಲ್ಲಿ ನಾನು ನನ್ನದೇ ತಪ್ಪು ಹೇಳಬೇಕು. ನಾನು ಮದ್ರಸದಲ್ಲಿ ಪಾಠ ಮಾಡುವವ. ಹದಿನೈದು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಏಳನೇ ತರಗತಿಯಲ್ಲೇ ನನ್ನ ಭುಜದವರೆಗೆ ಬರುತ್ತಿದ್ದ. ಸಂಜೆ ಯಾವಾಗಲೂ ಮೈದಾನದಲ್ಲಿ. ಪಾಠ ಒಪ್ಪಿಸದೆ ಬಂದ ಒಂದು ದಿನ "ಚೆಂಡು ನಿನಗೆ ಅನ್ನ ಹಾಕುತ್ತದಾ?" ಎಂದು ಎಲ್ಲರ ಎದುರು ಗದರಿಸಿದೆ. ಮನೆಯವರಿಗೂ ಹೇಳಿದೆ. ಅವನು ಆಟ ಬಿಟ್ಟ, ಪಿಯುಸಿ ಆದ ಮೇಲೆ ಗಲ್ಫ್‌ಗೆ ಹೋದ. ಕಳೆದ ವರ್ಷ ಯಾರೋ ಫೋನ್‌ಗೆ ಒಂದು ಫೋಟೊ ಕಳಿಸಿದರು. ಅನಿವಾಸಿ ಕನ್ನಡಿಗರ ವಾಲಿಬಾಲ್ ಪಂದ್ಯಾಟ, ಟ್ರೋಫಿ ಹಿಡಿದ ತಂಡದ ನಡುವೆ ಅವನು. ಶುಕ್ರವಾರದ ರಜೆಯಲ್ಲಿ ಅಭ್ಯಾಸ ಮಾಡಿ ಮೂವತ್ತರ ಹತ್ತಿರದಲ್ಲೂ ಅಷ್ಟು ಆಡುವವನು, ಹದಿನೈದರಲ್ಲಿ ಯಾರಾದರೂ ಕಲಿಸಿದ್ದರೆ? ಪಾಠ ಒಪ್ಪಿಸಬೇಕು ಎಂದದ್ದು ಸರಿ. ಆಟ ಬಿಡಿಸಿದ್ದು ಸರಿಯಲ್ಲ. ಎರಡಕ್ಕೂ ಹೊತ್ತು ಮಾಡಿಕೊಡಬಹುದಿತ್ತು.

ಅನ್ನದ ಪ್ರಶ್ನೆಗೂ ಉತ್ತರ ಇತ್ತು, ನನಗೆ ಗೊತ್ತಿರಲಿಲ್ಲ ಅಷ್ಟೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ವಸತಿ ನಿಲಯಗಳಿಗೆ ಹುಡುಗ ಹುಡುಗಿಯರನ್ನು ಆಯ್ಕೆ ಮಾಡುತ್ತದೆ, ವಾಲಿಬಾಲ್ ಅದರಲ್ಲಿ ಉಂಟು. ಊಟ, ವಸತಿ, ತರಬೇತಿ ಸರಕಾರದ್ದು. ಕಾಲೇಜು ಸೀಟಿಗೆ ಕ್ರೀಡಾ ಕೋಟಾ ಉಂಟು. ರೈಲ್ವೆ, ಸೇನೆಗಳಲ್ಲಿ ಆಟಗಾರರಿಗೆಂದೇ ನೇಮಕಾತಿ ನಡೆಯುತ್ತದೆ, ಭಾರತ ತಂಡಕ್ಕೆ ಬರುವವರಲ್ಲಿ ಅನೇಕರು ಅಲ್ಲಿನ ನೌಕರರೇ. ಆಯ್ಕೆಯ ದಿನ ಯಾವಾಗ ಎಂದು ಹುಡುಗನ ಮನೆಗೆ ತಿಳಿಸುವವರು ಬೇಕು. ತಾಲೂಕಿನ ಕ್ರೀಡಾಧಿಕಾರಿಯ ಹತ್ತಿರ ಹೋಗಿ ಕೇಳುವುದಕ್ಕೆ ಬಸ್ ಚಾರ್ಜ್ ಬಿಟ್ಟರೆ ಬೇರೆ ಖರ್ಚಿಲ್ಲ.

ನಮ್ಮ ಕಮಿಟಿಯ ಯುವಕರಿಗೆ ಕೊನೆಗೆ ಒಂದು ವಿನಂತಿ. ಟ್ರೋಫಿ ಗೆಲ್ಲಲಿಕ್ಕೆ ಹೊರಗಿನಿಂದ ಆಟಗಾರನನ್ನು ತರಿಸಲು ನೀವು ಖರ್ಚು ಮಾಡ್ತೀರಿ. ಅವನು ಬರಲಿ, ಅವನೂ ಒಬ್ಬರ ಮಗನೇ, ಅವನಿಗೂ ಮನೆ ಖರ್ಚುಂಟು. ಆದರೆ ಅವನು ರಾತ್ರಿ ಆಡಿ ಬೆಳಗ್ಗೆ ಹೋಗುವ ಬದಲು, ಎರಡು ದಿನ ಮೊದಲೇ ಕರೆಸಿ. ಸಂಜೆ ಅಸರ್ ಆದ ಮೇಲೆ ಊರಿನ ಸಣ್ಣ ಮಕ್ಕಳಿಗೆ ಬ್ಲಾಕ್‌ಗೆ ಹೇಗೆ ಹಾರಬೇಕು, ಲಿಫ್ಟ್ ಹೇಗೆ ಕೊಡಬೇಕು ಎಂದು ಕಲಿಸಿ ಹೋಗಲಿ. ಇನ್ನೊಂದು, ನಿಮ್ಮ ನಿಯಮದಲ್ಲಿ ಒಂದು ಸಾಲು ಸೇರಿಸಿ: ಪ್ರತಿ ತಂಡದಲ್ಲಿ ಹದಿನಾರರ ಕೆಳಗಿನ ಒಬ್ಬ ಹುಡುಗನಾದರೂ ಇರಬೇಕು, ಒಂದು ಸೆಟ್ ಆದರೂ ಅವನು ಕೋರ್ಟ್‌ನಲ್ಲಿ ಆಡಬೇಕು. ಸೋತರೆ ಸೋಲಲಿ.

ಮುಂದಿನ ವಿಶ್ವ ಚಾಂಪಿಯನ್‌ಶಿಪ್ 2027ರಲ್ಲಿ ಪೋಲೆಂಡ್‌ನಲ್ಲಿ. ಅದರ ಪಟ್ಟಿಯಲ್ಲಿ ನಮ್ಮ ಹುಡುಗ ಇರಲಿಕ್ಕಿಲ್ಲ, ಅಷ್ಟು ಬೇಗ ಆಗುವ ಕೆಲಸ ಅಲ್ಲ. ಆದರೆ ಈ ಬೇಸಿಗೆಯ ಪಂದ್ಯಾಟದ ಕರಪತ್ರ ಅಚ್ಚಾಗಲು ಇನ್ನೂ ಸಮಯ ಉಂಟು. ಆ ಒಂದು ಸಾಲು ಅದರಲ್ಲಿ ಬರಲಿ.